ಹಳಸಿದ ಮಾಸಿನ ಮೇಲೆ ನಡೆದ ಸಂಶೋಧನೆ

ಕುರಿ ಸಂಶೋಧನೆಯ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನೇಮಕಾತಿ ಪತ್ರದಲ್ಲಿ ಬರೆಯದ ಒಂದು ಮಾತನ್ನು ಮೊದಲು ಹೇಳಿಬಿಡುತ್ತೇನೆ: ಮೂಗು ಮುಚ್ಚಿಕೊಂಡು ಕೆಲಸ ಮಾಡಬೇಡಿ. ವಾಸನೆಯೂ ಒಂದು ಮಾಹಿತಿ. ಮಹಾರಾಷ್ಟ್ರಕ್ಕೆ ಸೇರಿದ ಗಡಿಯ ಜತ್ತ ತಾಲೂಕಿನ ನಮ್ಮ ಕೇಂದ್ರದಲ್ಲಿ ಡಾಕ್ಟರೇಟ್ ಪಡೆದ ಒಬ್ಬ ಮುಖ್ಯಸ್ಥರು, ಒಂದು ತಾಂತ್ರಿಕ ಸಮಿತಿ ಮತ್ತು ನಾನು, ಇಷ್ಟು ಜನ ಸೇರಿ ಎರಡು ವರ್ಷ ನಮ್ಮ ಮೂಗಿನ ಮಾತು ಕೇಳಲಿಲ್ಲ. ಕೇಳಿದವಳು ಕುರಿ ಕಾಯುವ ಒಬ್ಬ ಹೆಂಗಸು. ನಮ್ಮ ಕಿವುಡಿಗೆ ಬೆಲೆ ತೆತ್ತವಳೂ ಅವಳೇ.

ನನ್ನ ಹುದ್ದೆಯ ಹೆಸರು ದಾಖಲೆ ಸಹಾಯಕ. ಯಾವ ಕುರಿ ಯಾವ ಟಗರಿಗೆ ಗಬ್ಬವಾಯಿತು, ಯಾವಾಗ ಈಯಿತು, ಮರಿಯ ತೂಕವೆಷ್ಟು, ಬದುಕಿತೋ ಸತ್ತಿತೋ, ಇದನ್ನೆಲ್ಲ ಬರೆದಿಡುವುದು ಕೆಲಸ. ಅದಕ್ಕೂ ಮೊದಲು ನಾಲ್ಕು ವರ್ಷ ಒಂದು ಕನ್ನಡ ದಿನಪತ್ರಿಕೆಗೆ ಜತ್ತದಿಂದ ಸುದ್ದಿ ಕಳಿಸುತ್ತಿದ್ದೆ. ಅಲ್ಲಿನ ಸಂಪಾದಕರು ಕಲಿಸಿದ್ದು ಒಂದೇ ಪಾಠ: ಕಂಡದ್ದಕ್ಕೆ ಒಂದು ಪ್ಯಾರಾ, ಕೇಳಿದ್ದಕ್ಕೆ ಇನ್ನೊಂದು ಪ್ಯಾರಾ, ಊಹಿಸಿದ್ದಕ್ಕೆ ಪ್ಯಾರಾ ಇಲ್ಲ. ಕುರಿ ಕೇಂದ್ರಕ್ಕೆ ಬಂದ ಮೇಲೂ ಆ ಪಾಠ ನೆನಪಿತ್ತು ಎಂದು ನಾನು ನಂಬಿಕೊಂಡಿದ್ದೆ.

ನಂಬಿಕೆ ಮೊದಲ ವರ್ಷವೇ ಸ್ವಲ್ಪ ಅಲುಗಾಡಿತು. ನಮ್ಮ ಕಡೆಯ ಮಾಡಗ್ಯಾಳ ಕುರಿ ಎತ್ತರದ್ದು, ಗಿಣಿಮೂಗಿನದು. ಅದರ ಮರಿಗಳನ್ನು ಗೋಣಿಚೀಲದಲ್ಲಿ ಕೂರಿಸಿ ತಕ್ಕಡಿಗೆ ತೂಗುಹಾಕಿ ತೂಗುತ್ತಿದ್ದೆವು. ಆ ಹಂಗಾಮಿನಲ್ಲಿ ಮರಿಗಳ ತೂಕ ಎಲ್ಲರೂ ಮೆಚ್ಚುವಷ್ಟು ಏರಿತು. ಆಗಿನ ಮುಖ್ಯಸ್ಥರಿಗೆ ಮೇಲಿನವರಿಂದ ಅಭಿನಂದನೆಯ ಪತ್ರ ಬಂತು. ಗೋಣಿಚೀಲದ ತೂಕವನ್ನು ಯಾರೂ ಕಳೆದಿರಲಿಲ್ಲವೆಂಬುದು ಗೊತ್ತಾಗುವ ಹೊತ್ತಿಗೆ ಆ ಪತ್ರಕ್ಕೆ ಗಾಜು ಹಾಕಿಸಿ ಗೋಡೆಗೆ ಏರಿಸಿಯಾಗಿತ್ತು. ಮರುವರ್ಷ ಚೀಲದ ತೂಕ ಕಳೆದೆವು. ‘ಮರಿಗಳ ತೂಕದಲ್ಲಿ ಕುಸಿತ ಏಕೆ?’ ಎಂದು ವಿವರಣೆ ಕೇಳಿ ಇನ್ನೊಂದು ಪತ್ರ ಬಂತು. ಅದಕ್ಕೆ ಯಾರೂ ಗಾಜು ಹಾಕಿಸಲಿಲ್ಲ.

ಆಮೇಲೆ ಮುಖ್ಯಸ್ಥರಾಗಿ ಬಂದವರು ಡಾ. ವಾಳವೇಕರ. ಬುದ್ಧಿವಂತರು, ಕೆಲಸಗಾರರು, ಎದುರಿಗೆ ಕೂತವರ ಮಾತು ಮುಗಿಯುವುದಕ್ಕೆ ಮೊದಲೇ ಉತ್ತರ ಗೊತ್ತಿರುವವರು. ಅವರು ತಂದ ಯೋಜನೆ ಪಾಲಿಅಮೀನ್‌ಗಳದು.

ಹೊಸಬರಿಗೆ ಇದನ್ನು ಸರಳವಾಗಿ ಹೇಳಬೇಕು. ಪುಟ್ರೆಸಿನ್, ಸ್ಪರ್ಮಿಡಿನ್, ಸ್ಪರ್ಮಿನ್ ಎಂಬ ಮೂರು ಸಣ್ಣ ರಾಸಾಯನಿಕಗಳಿವೆ. ಬೆಳೆಯುವ ಪ್ರತಿ ಜೀವಕೋಶದಲ್ಲೂ ಇವು ಇರುತ್ತವೆ. ಇವಿಲ್ಲದೆ ಒಂದು ಕೋಶ ಎರಡಾಗುವುದಿಲ್ಲ. ಕುರಿ ಗಬ್ಬವಾದ ಎರಡು ವಾರದ ಸುಮಾರಿಗೆ, ಅಲ್ಲಿಯತನಕ ಗುಂಡಗಿದ್ದ ಪಿಂಡ ದಾರ ಎಳೆದ ಹಾಗೆ ಉದ್ದವಾಗುತ್ತದೆ. ಆ ಬೆಳವಣಿಗೆಗೆ ಇವು ಬೇಕು. ಮರಿಗೆ ತಾಯಿಯಿಂದ ಆಹಾರ ಮುಟ್ಟಿಸುವ ಮಾಸು ಬೆಳೆಯಲಿಕ್ಕೂ ಇವು ಬೇಕು. ಇಷ್ಟು ನಿಜ, ಪುಸ್ತಕದಲ್ಲಿ ಇರುವುದು. ಇದರಿಂದ ವಾಳವೇಕರ ಸಾಹೇಬರು ಮಾಡಿಕೊಂಡ ಲೆಕ್ಕಾಚಾರ ಇದು: ಯಾವ ಕುರಿಯ ಮಾಸಿನಲ್ಲಿ ಪಾಲಿಅಮೀನ್ ಹೆಚ್ಚೋ ಅದು ಒಳ್ಳೆಯ ತಾಯಿ, ಅದನ್ನು ತಳಿಗೆ ಇಟ್ಟುಕೊಳ್ಳಬೇಕು, ಕಡಿಮೆ ಇದ್ದದ್ದನ್ನು ಬಿಡಬೇಕು. ಗಬ್ಬದ ಕುರಿಯನ್ನು ಕೊಯ್ದು ನೋಡುವ ಹಾಗಿಲ್ಲ. ಈದ ಮೇಲೆ ತಾನಾಗಿ ಬೀಳುವ ಮಾಸನ್ನಾದರೆ ಯಾರೂ ಬೇಡವೆನ್ನುವುದಿಲ್ಲ. ಹಾಗಾಗಿ ಮಾಸು.

ನಮ್ಮ ಪ್ರಯೋಗಾಲಯದ ಸುನಂದಾ ಬಾಯಿ ಒಂದೇ ಪ್ರಶ್ನೆ ಕೇಳಿದರು. ಮಾಸನ್ನು ಅರೆದು, ಗಾಜಿನ ತಟ್ಟೆಯ ಮೇಲೆ ಹರಿಸಿ, ಕತ್ತಲೆ ಕೋಣೆಯಲ್ಲಿ ನೀಲಿ ದೀಪದ ಕೆಳಗೆ ಚುಕ್ಕೆಗಳನ್ನು ಓದುವ ಕೆಲಸ ಅವರದು.

“ಸರ್, ಈಯುವ ಹೊತ್ತಿಗೆ ಮಾಸಿನಲ್ಲಿ ಇವು ಕಡಿಮೆ ಆಗಿರ್ತಾವ ಅಂತ ಪುಸ್ತಕದಾಗ ಅದಲ್ರಿ?”

“ನಮ್ಮ ಕುರಿಗಳು ಆ ಪುಸ್ತಕ ಓದಿಲ್ಲ,” ಎಂದರು ಸಾಹೇಬರು. ಎಲ್ಲರೂ ನಕ್ಕೆವು. ನಾನೂ ನಕ್ಕೆ.

ಕುರಿಗಾರರನ್ನು ಕರೆದು ಒಂದು ದಿನದ ತರಬೇತಿ ಕೊಟ್ಟೆವು. ಸಾಹೇಬರು ಮರಾಠಿಯಲ್ಲಿ ಮಾತಾಡಿದರು. ಎಲ್ಲರಿಗೂ ಮರಾಠಿ ಬರುತ್ತದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು ಭಾಷೆಯ ಕಾರಣಕ್ಕಲ್ಲ. ಕಣ್ಣಿಗೆ ಕಾಣದ, ಆದರೆ ಎಲ್ಲ ಕಡೆ ಇರುವ, ಇಲ್ಲದಿದ್ದರೆ ಜೀವವೇ ಬೆಳೆಯದ ಒಂದು ಪದಾರ್ಥವಿದೆ ಎಂದು ಸಾಹೇಬರು ವಿವರಿಸುವಾಗ, ಶೇಗಾಂವದ ಕಡೆಯ ಮಾಳಪ್ಪ ಎಂಬ ಕುರಿಗಾರ ಪಕ್ಕದವನ ಕಿವಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದ:

“ದೇವರ ಸುದ್ದಿ ಹೇಳಾಕತ್ತಾರೋ, ಕುರಿ ಸುದ್ದಿ ಹೇಳಾಕತ್ತಾರೋ?”

ಅವನ ಹೆಂಡತಿ ಲಗಮವ್ವ ಮಾತ್ರ ನೇರವಾಗಿ ಕೇಳಿದಳು. “ನಾವು ಏನ ಮಾಡಬೇಕ್ರಿ, ಅಷ್ಟ ಹೇಳ್ರಿ.”

“ಕುರಿ ಈದ ಅರ್ಧ ತಾಸಿನೊಳಗೆ ಮಾಸು ನಮ್ಮ ಕೈಗೆ ಕೊಡಬೇಕು.”

“ಕೊಡ್ತೀನ್ರಿ,” ಎಂದಳು. ಉಳಿದವರೂ ತಲೆಯಾಡಿಸಿದರು. ನಾನು ಎಲ್ಲರ ಒಪ್ಪಿಗೆ ಪಡೆಯಲಾಗಿದೆ ಎಂದು ಬರೆದುಕೊಂಡೆ. ತಲೆಯಾಡಿಸಿದ್ದು ಕಂಡದ್ದು. ಒಪ್ಪಿಗೆ ಎಂಬುದು ಊಹೆ. ಒಂದೇ ಪ್ಯಾರಾದಲ್ಲಿ ಎರಡನ್ನೂ ಹಾಕಿದೆ.

ಇನ್ನು ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ. ಪ್ರತಿ ಮಾಸಿಗೂ ಒಂದು ಫಾರ್ಮು ತುಂಬಬೇಕಿತ್ತು. ಕುರಿಯ ನಂಬರು, ಮಾಲಕರ ಹೆಸರು, ಈದ ಹೊತ್ತು, ಮಾಸು ಕೈಸೇರಿದ ಹೊತ್ತು. ಎಲ್ಲದರಲ್ಲೂ ‘ಈದ ಅರ್ಧ ತಾಸಿನೊಳಗೆ’ ಎಂದೇ ಬರೆಯಬೇಕಾಗುತ್ತದಲ್ಲ, ಕೈನೋವು ಯಾಕೆ ಎಂದು ಆ ಸಾಲನ್ನು ಮುದ್ರಿಸಿಯೇ ತರಿಸಿದೆ. ಜತ್ತದ ಪ್ರೆಸ್ಸಿನಲ್ಲಿ ನಾನೇ ನಿಂತು ಅಚ್ಚು ತಿದ್ದಿಕೊಟ್ಟೆ. ಇನ್ನೂ ಈಯದ ಕುರಿಗಳು ಈದ ಅರ್ಧ ತಾಸಿನೊಳಗಿನ ಸತ್ಯವನ್ನು ಮೂರು ಕಟ್ಟು ಕಟ್ಟಿಸಿ, ಸ್ಕೂಟರಿನ ಹಿಂದೆ ಇಟ್ಟುಕೊಂಡು ಬಂದೆ. ಸಾಹೇಬರು ಮೆಚ್ಚಿದರು.

ಕುರಿ ಈದರೆ ಹಟ್ಟಿಯಿಂದ ಫೋನು ಬರುತ್ತಿತ್ತು. “ಈಗ ಈದದ ಮಾಸ್ತರ್ರ, ಬರ್ರಿ.” ಕೈಯಲ್ಲಿ ಪುಸ್ತಕ ಹಿಡಿದವರೆಲ್ಲ ಅವರಿಗೆ ಮಾಸ್ತರರೇ. ನಾನು ದ್ರವ ಸಾರಜನಕದ ಕ್ಯಾನನ್ನು ಸ್ಕೂಟರಿಗೆ ಕಟ್ಟಿಕೊಂಡು ಹೋಗುತ್ತಿದ್ದೆ. ಮುಟ್ಟಿದ್ದನ್ನು ತಕ್ಷಣ ಕಲ್ಲಾಗಿಸುವಷ್ಟು ತಣ್ಣಗಿನ ದ್ರವ ಅದು. ಮಾಸಿನ ತುಣುಕು ಅದರಲ್ಲಿ ಬಿದ್ದರೆ ಮುಂದೆ ಕೆಡುವುದಿಲ್ಲ. ಅದಕ್ಕೂ ಮೊದಲೇ ಕೆಟ್ಟಿದ್ದರೆ, ಕೆಟ್ಟದ್ದು ಹಾಗೇ ಉಳಿಯುತ್ತದೆ ಎಂಬುದನ್ನು ಯಾರೂ ಯೋಚಿಸಲಿಲ್ಲ. ಹಟ್ಟಿಗೆ ಹೋದಾಗ ಮಾಸು ಎಲೆಯಲ್ಲೋ ಪ್ಲಾಸ್ಟಿಕ್ ಹಾಳೆಯಲ್ಲೋ ಸಿದ್ಧವಾಗಿರುತ್ತಿತ್ತು. ಪಕ್ಕದಲ್ಲಿ ಮರಿ ಮೈ ಒಣಗಿಸಿಕೊಂಡು ಕಲ್ಲಿನಿಂದ ಕಲ್ಲಿಗೆ ಜಿಗಿದಾಡುತ್ತಿರುತ್ತಿತ್ತು. ಅರ್ಧ ತಾಸಿನ ಮರಿ ಹೀಗೆ ಜಿಗಿಯುತ್ತದೆಯೇ ಎಂದು ನಾನು ಕೇಳಲಿಲ್ಲ. ತಳಿಯ ಗುಣ ಎಂದುಕೊಂಡೆ.

ವಾಸನೆ? ಬರುತ್ತಿತ್ತು. ಸುನಂದಾ ಬಾಯಿ ಮೂಗಿಗೆ ಸೆರಗು ಕಟ್ಟಿಕೊಂಡೇ ಅರೆಯುತ್ತಿದ್ದರು. ಸಾಹೇಬರಿಗೆ ಹೇಳಿದಾಗ ಅವರ ಮುಖ ಅರಳಿತು.

“ಪುಟ್ರೆಸಿನ್‌ನ ವಾಸನೆಯೇ ಅದು. ವಾಸನೆ ಎಷ್ಟು ಜಾಸ್ತಿಯೋ ಅಂಶ ಅಷ್ಟು ಜಾಸ್ತಿ. ಅಂದರೆ ನಮ್ಮ ದಾರಿ ಸರಿ ಇದೆ.”

ಮಾತು ರಸಾಯನ ಶಾಸ್ತ್ರದ ಪ್ರಕಾರ ಸರಿ. ಮಾಂಸ ಕೊಳೆಯುವಾಗ ಹುಟ್ಟುವುದೂ ಅದೇ ಪುಟ್ರೆಸಿನ್ ಎಂಬುದೂ ಅದೇ ಶಾಸ್ತ್ರದ ಪ್ರಕಾರ ಸರಿ. ಸಾಹೇಬರು ಮೊದಲರ್ಧವನ್ನು ನೆನಪಿಟ್ಟುಕೊಂಡಿದ್ದರು.

ಫಲಿತಾಂಶ ಬಂದಾಗ ಕೇಂದ್ರದಲ್ಲಿ ಪೇಢೆ ಹಂಚಿದರು. ನಮ್ಮ ತಾಲೂಕಿನ ಕುರಿಗಳ ಮಾಸಿನಲ್ಲಿ ಪುಟ್ರೆಸಿನ್ ಪುಸ್ತಕಗಳನ್ನು ನಾಚಿಸುವಷ್ಟಿತ್ತು. ಜೊತೆಗೆ ಗಾಜಿನ ತಟ್ಟೆಯ ಮೇಲೆ ಅದರ ಮಗ್ಗುಲಿಗೇ ಇನ್ನೊಂದು ಚುಕ್ಕೆ ಹೊಳೆಯುತ್ತಿತ್ತು, ಯಾವ ಪಟ್ಟಿಯಲ್ಲೂ ಇಲ್ಲದ್ದು. ಇದು ಈ ತಳಿಗೇ ವಿಶೇಷವಾದ ಹೊಸ ಪದಾರ್ಥ ಇರಬೇಕೆಂದು ಸಾಹೇಬರು ತೀರ್ಮಾನಿಸಿದರು. “ಸದ್ಯ ‘ಜತ್ತ-ಒಂದು’ ಅಂತ ಬರೆಯಿರಿ. ಹೆಸರು ಆಮೇಲೆ ಇಡೋಣ.” ನಾನು ಬರೆದೆ.

ಎಲ್ಲ ಕುರಿಗಳೂ ಹೀಗಿರಲಿಲ್ಲ. ಎಂಟು ಕುರಿಗಳಲ್ಲಿ ಪುಟ್ರೆಸಿನ್ ಬಹಳ ಕಡಿಮೆ, ‘ಜತ್ತ-ಒಂದು’ ಸುಳಿವೇ ಇಲ್ಲ. ಎಂಟೂ ಲಗಮವ್ವನವು. ಎಂಟೂ ಅವಳ ಅತ್ತೆ ಬಿಟ್ಟುಹೋದ ಒಂದೇ ತಾಯಿಯ ಸಂತತಿ. ಸಾಹೇಬರಿಗೆ ಇದು ಇನ್ನೂ ಅನುಕೂಲವಾಯಿತು. “ನೋಡಿ, ವಂಶದ ದೋಷ,” ಎಂದರು. ಹೆಚ್ಚಿದ್ದ ಕುರಿಗಳ ಕಿವಿಗೆ ಹಸಿರು ಬಿಲ್ಲೆ, ಕಡಿಮೆ ಇದ್ದವಕ್ಕೆ ಕೆಂಪು ಬಿಲ್ಲೆ ಎಂದು ಆದೇಶವಾಯಿತು. ಕೆಂಪು ಎಂದರೆ ತಳಿಗೆ ಅಯೋಗ್ಯ. ಕೆಂಪು ಪಟ್ಟಿಯ ಪ್ರತಿಯನ್ನು ಜತ್ತದ ಕುರಿ ಬಾಜಾರಿನಲ್ಲೂ ಅಂಟಿಸಿದರು. ಇಲ್ಲಿ ಒಳ್ಳೆಯ ಕುರಿಯನ್ನು ಮರಿಗಾಗಿ ಕೊಳ್ಳುತ್ತಾರೆ. ಕೆಂಪು ಬಿಲ್ಲೆಯ ಕುರಿಯನ್ನು ಕೊಳ್ಳುವವನು ಕಟುಕ ಮಾತ್ರ.

ಬಿಲ್ಲೆ ಹಾಕುವ ದಿನ ಸಾಹೇಬರೂ ಬಂದಿದ್ದರು. ಮಾಳಪ್ಪ ಒಂದೊಂದೇ ಕುರಿಯನ್ನು ಹಿಡಿದುಕೊಟ್ಟ. ಲಗಮವ್ವ ಬೇಲಿಯ ಹತ್ತಿರ ನಿಂತು ನೋಡುತ್ತಿದ್ದಳು.

“ಮಾಸ್ತರ್ರ, ಕೆಂಪಂದ್ರ ಚಲೋ ಏನ್ರಿ, ಕೆಟ್ಟ ಏನ್ರಿ?”

ಹೇಳಿದೆ.

“ಮೂರು ವರ್ಷದಾಗ ಇವುಗಳದು ಒಂದ ಮರಿ ಸತ್ತಿಲ್ರಿ. ನೀವ ಬರಕೊಂಡೀರಿ ನಿಮ್ಮ ಪುಸ್ತಕದಾಗ.”

ಬರೆದುಕೊಂಡಿದ್ದೆ. ಪುಸ್ತಕ ಕಂಕುಳಲ್ಲೇ ಇತ್ತು. ಸಾಹೇಬರತ್ತ ನೋಡಿದೆ.

“ಮರಿ ಬದುಕುವುದು ಬೇರೆ, ಪಾಲಿಅಮೀನ್ ಬೇರೆ,” ಎಂದರು ಅವರು.

ಪಾಲಿಅಮೀನ್ ಅಳೆಯಲು ಹೊರಟದ್ದೇ ಮರಿ ಬದುಕಲೆಂದು. ಅದು ಅಷ್ಟು ಹೊತ್ತಿಗೆ ನಮಗೆಲ್ಲ ಮರೆತುಹೋಗಿತ್ತು.

ಮುಂದಿನ ಅಮಾವಾಸ್ಯೆಗೆ ಲಗಮವ್ವ ದಾನಮ್ಮನ ದರ್ಶನಕ್ಕೆಂದು ಗುಡ್ಡಾಪುರಕ್ಕೆ ನಡೆದು ಹೋಗಿದ್ದಳು. ಆ ದಿನವೇ ಒಬ್ಬ ವ್ಯಾಪಾರಿ ಪಟ್ಟಿ ಹಿಡಿದುಕೊಂಡು ಹಟ್ಟಿಗೆ ಬಂದ. ಮಾಳಪ್ಪನಿಗೆ ಸರಕಾರದ ಬಿಲ್ಲೆ ಎಂದರೆ ಹೆದರಿಕೆ. ಇಂದು ಕೊಡದಿದ್ದರೆ ನಾಳೆ ಎಂಟನ್ನೂ ಜಪ್ತಿ ಮಾಡುತ್ತಾರೆಂದು ವ್ಯಾಪಾರಿ ಬೇರೆ ಹೇಳಿದ. ಮಾಳಪ್ಪ ಒಂದನ್ನು ಕೊಟ್ಟುಬಿಟ್ಟ. ಹಿಂಡಿನ ಮುಂದೆ ನಡೆಯುತ್ತಿದ್ದ ಹಿರಿಯ ಕುರಿ. ಮನೆಯವರು ಅದನ್ನು ಗೌಡತಿ ಎಂದು ಕರೆಯುತ್ತಿದ್ದರು.

ಮರುದಿನ ಲಗಮವ್ವ ಕೇಂದ್ರಕ್ಕೆ ಬಂದಳು. ಕಾಲಲ್ಲಿ ಇನ್ನೂ ಗುಡ್ಡಾಪುರದ ದಾರಿಯ ಧೂಳು.

“ಬಾ ಯವ್ವಾ, ಕುಂದ್ರು,” ಎಂದೆ.

“ಕುಂದ್ರಾಕ ಬಂದಿಲ್ರಿ. ಗೌಡತಿ ಹೋತು. ಉಳದ ಏಳು ಯಾಕ ಹೋಗಬೇಕು ಅನ್ನೂದು ಕೇಳಾಕ ಬಂದೀನಿ. ನನ್ನ ಕುರಿ ಮಾಸಿನಾಗ ಇಲ್ಲದ್ದು ಮಂದಿ ಕುರಿ ಮಾಸಿನಾಗ ಏನದ? ತೋರಸ್ರಿ.”

ತೋರಿಸಲು ಏನಿದೆ? ಸುನಂದಾ ಬಾಯಿ ಅರೆಯಲೆಂದು ಹೊರಗೆ ತೆಗೆದಿಟ್ಟಿದ್ದ ತುಣುಕೊಂದು ಮೇಜಿನ ಮೇಲೆ ಕರಗುತ್ತಿತ್ತು, ಹಸಿರು ಬಿಲ್ಲೆಯ ಕುರಿಯದು. ಲಗಮವ್ವ ಬಗ್ಗಿ ಮೂಸಿದಳು. ತಲೆ ಎತ್ತಿ ನನ್ನನ್ನು, ಆಮೇಲೆ ಸುನಂದಾ ಬಾಯಿಯನ್ನು ನೋಡಿದಳು.

“ಇದು ಹಿಂದಿನ ದಿನದ್ದು.”

“ಅಲ್ಲ, ಅರ್ಧ ತಾಸಿನೊಳಗಿಂದು,” ಎಂದು ಫಾರ್ಮು ತೋರಿಸಿದೆ. ಅಚ್ಚಾಗಿತ್ತಲ್ಲ.

“ಕಾಗದಾ ಮೂಸಿ ನೋಡೀರೇನ್ರಿ? ಮಾಸು ಮೂಸ್ರಿ. ರಾತ್ರಿಯೆಲ್ಲಾ ಬುಟ್ಟಿ ಕೆಳಗ ಇದ್ದದ್ದು ಇದು.”

ಆಗ ಹೊರಬಿತ್ತು. ಈ ಕಡೆಯ ಹಟ್ಟಿಗಳಲ್ಲಿ ಒಂದು ಕಟ್ಟಳೆಯಿದೆ. ಕುರಿ ಈದ ಮೇಲೆ ಮೊದಲ ಹಾಲಿನ ಗಿಣ್ಣ ಕಾಸಿ ಬೀರಪ್ಪನಿಗೆ ಎಡೆ ಹಿಡಿಯುವ ತನಕ ಮಾಸು ಹಟ್ಟಿ ದಾಟಬಾರದು. ದಾಟಿದರೆ ಅದರ ಬೆನ್ನು ಹತ್ತಿ ಹಾಲೂ ಹೋಗುತ್ತದೆ. ಎಡೆ ಹಿಡಿಯುವುದು ಮರುದಿನ ಬೆಳಗ್ಗೆ. ಅಲ್ಲಿಯತನಕ ಮಾಸನ್ನು ಜಾಲಿಯ ಬೇಲಿಯ ಬುಡದಲ್ಲಿ ಬುಟ್ಟಿ ಮುಚ್ಚಿ ಇಡುತ್ತಾರೆ, ನಾಯಿ ಎಳೆಯದ ಹಾಗೆ. ಎಡೆ ಮುಗಿದ ಮೇಲೆ ನನಗೆ ಫೋನು: “ಈಗ ಈದದ ಮಾಸ್ತರ್ರ.”

“ಇದು ಎಲ್ಲಾರಿಗೂ ಗೊತ್ತದ ಏನು?” ಎಂದೆ.

“ನಿಮಗ ಗೊತ್ತಿರಲಿಲ್ಲೇನ್ರಿ?”

“ಇಲ್ಲ.”

“ಯಾರನ್ನರ ಕೇಳಿದ್ರೇನು?”

“ಇಲ್ಲ.”

“ಮತ್ತ ದಿನಾ ಏನ ಬರಕೋತಿದ್ರಿ?”

ನಾನು ಫಾರ್ಮನ್ನು ಮಡಚಿ ಮೇಜಿನ ಮೇಲಿಟ್ಟೆ. ಸುನಂದಾ ಬಾಯಿ ಕೇಳಿದರು, “ನೀ ಯಾಕ ಲಗೂನ ಕೊಟ್ಟಿ, ಲಗಮವ್ವಾ? ನಿಮ್ಮ ಮನ್ಯಾಗ ಆ ಕಟ್ಟಳೆ ಇಲ್ಲೇನು?”

“ಕಟ್ಟಳೆ ಅದ ರೀ. ನಮ್ಮವರು ಭಾಳ ಬೈದ್ರು. ಆದ್ರ ನಾ ಆವತ್ತ ಕೊಡ್ತೀನಿ ಅಂದಿದ್ನಲ್ಲ. ಹಾಲು ಕೆಚ್ಚಲದಾಗ ಇರ್ತದ, ಮಾಸಿನಾಗ ಇರ್ತದೇನ್ರಿ? ಬಿಸೀದ ಕೊಟ್ಟೆ. ಅದಕ್ಕ ಕೆಂಪ ಬಿಲ್ಲೆ.”

ಇದನ್ನು ಅಂದೇ ಸಾಹೇಬರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

“ಒಬ್ಬ ಹೆಂಗಸಿನ ಮೂಗನ್ನು ಸಮಿತಿಯ ಮುಂದೆ ಇಡಲೇ? ಪುರಾವೆ ತನ್ನಿ. ಬರುವ ತಿಂಗಳು ಸಮಿತಿ ಕೂಡುತ್ತದೆ. ಅಷ್ಟರೊಳಗೆ ಆ ಏಳು ಕುರಿಗಳನ್ನೂ ತಪಾಸಣೆಗೆ ಹಾಜರುಪಡಿಸಿ. ಆಮೇಲೆ ವಿಲೇವಾರಿ.”

ಹಾಜರುಪಡಿಸಲು ಹಟ್ಟಿಗೆ ಹೋದೆ. ಮಾಳಪ್ಪ ಒಬ್ಬನೇ ಕೂತು ಕಂಬಳಿಯ ಅಂಚು ಹೊಲಿಯುತ್ತಿದ್ದ.

“ತವರಮನಿಗೆ ಹೋಗ್ಯಾವ್ರಿ.”

“ಯಾರು? ಲಗಮವ್ವನಾ?”

“ಕುರಿ. ಆಕಿನೂ ಹೋಗ್ಯಾಳ.”

“ಎಂದ ಬರ್ತಾವ?”

“ಬಾಣಂತನಾ ಮುಗಿಸಿಕೊಂಡ ಬರ್ತಾವ್ರಿ,” ಎಂದ. ಮುಖದಲ್ಲಿ ನಗುವಿನ ಎಳೆಯೂ ಇಲ್ಲ. “ಮಾರೀದ ದಿನದಿಂದ ನನ್ನ ಕೂಡ ಮಾತ ಬಿಟ್ಟಾಳ. ಇಷ್ಟ ಹೇಳಿ ಹೋಗ್ಯಾಳ, ನಿಮಗ ಹೇಳ ಅಂತ.”

ಅವಳ ತವರು ಗಡಿಯಾಚೆ, ವಿಜಯಪುರ ಜಿಲ್ಲೆಯಲ್ಲಿ. ಮಹಾರಾಷ್ಟ್ರದ ಬಿಲ್ಲೆಗೆ ಅಲ್ಲಿ ಯಾವ ಬೆಲೆಯೂ ಇಲ್ಲ. ನಾನು ದಾಖಲೆಯಲ್ಲಿ ಬರೆದೆ: ‘ಏಳೂ ಕುರಿಗಳು ಹೆರಿಗೆಗಾಗಿ ತವರಿಗೆ ಹೋಗಿವೆ ಎಂದು ಮಾಲಕರ ಹೇಳಿಕೆ.’ ಸಾಹೇಬರು ಅದನ್ನು ಎರಡು ಸಲ ಓದಿದರು.

“ಏನಿದು?”

“ಕೇಳಿದ್ದು ಸರ್. ಕೇಳಿದ್ದು ಎಂದೇ ಬರೆದಿದ್ದೇನೆ.”

ಹತ್ತು ದಿನದ ನಂತರ ಗಡಿಯಾಚೆಯಿಂದ ಫೋನು ಬಂತು. ಒಂದು ಕುರಿ ನಾಳೆಯೋ ನಾಡಿದ್ದೋ ಈಯುವಂತಿದೆ. ಮೂರು ದಿನ ರಜೆ ಹಾಕಿ ಕ್ಯಾನು ಎತ್ತಿಕೊಂಡು ಸ್ಕೂಟರಿನಲ್ಲಿ ಹೊರಟೆ. ದಾರಿಯಲ್ಲಿ ಚಹಾ ಅಂಗಡಿಯವನು ಕ್ಯಾನಿನಿಂದ ಬರುವ ಬಿಳಿ ಹೊಗೆ ನೋಡಿ, “ಏನ್ರಿ, ಅನ್ನ ಬೇಯಾಕತ್ತದೇನು?” ಎಂದ. ಮುಟ್ಟಿದರೆ ಬೆರಳು ಕಲ್ಲಾಗುತ್ತದೆ ಎಂದೆ. ಅವನು ನನ್ನ ಚಹಾದ ಕಪ್ಪನ್ನು ದೂರದ ಕಟ್ಟೆಯ ಮೇಲೆ ಇಟ್ಟು ಹೋದ.

ಕುರಿ ಮರುದಿನ ಮಧ್ಯಾಹ್ನ ಈಯಿತು. ನಾನು ಎದುರಿಗೇ ಕೂತಿದ್ದೆ. ಇಷ್ಟು ವರ್ಷದ ನೌಕರಿಯಲ್ಲಿ ಈಯುವುದಕ್ಕೆ ಮೊದಲು ಕುರಿಯ ಹತ್ತಿರ ಹೋಗಿ ಕೂತದ್ದು ಅದೇ ಮೊದಲು. ಆಗತಾನೆ ಬಿದ್ದ ಮರಿ ಜಿಗಿಯಲಿಲ್ಲ. ನಾಲ್ಕು ಸಲ ಎದ್ದು ನಾಲ್ಕು ಸಲ ಬಿತ್ತು. ಸ್ವಲ್ಪ ಹೊತ್ತಿಗೆ ಮಾಸು ಬಿತ್ತು. ಲಗಮವ್ವ ಅದನ್ನು ಎರಡು ಭಾಗ ಮಾಡಿದಳು. ಒಂದನ್ನು ನಾನು ಕ್ಯಾನಿಗೆ ಹಾಕಿದೆ. ಇನ್ನೊಂದನ್ನು ಅವಳು ಬೇಲಿಯ ಬುಡದಲ್ಲಿಟ್ಟು ಬುಟ್ಟಿ ಮುಚ್ಚಿದಳು. ಮರುದಿನ ಬೆಳಗ್ಗೆ ಗಿಣ್ಣದ ಎಡೆಯಾದ ಮೇಲೆ ಅದೂ ಕ್ಯಾನಿಗೆ ಹೋಯಿತು. ಎರಡೂ ಹೊತ್ತುಗಳನ್ನು ಕೈಯಾರೆ ಬರೆದೆ, ಬೆರಳೇನೂ ನೋಯಲಿಲ್ಲ.

ಸುನಂದಾ ಬಾಯಿ ಎರಡು ತುಣುಕನ್ನೂ ಒಂದೇ ಗಾಜಿನ ತಟ್ಟೆಯ ಮೇಲೆ ಅಕ್ಕಪಕ್ಕ ಹರಿಸಿದರು. ಮೂರನೆಯ ಸಾಲಿನಲ್ಲಿ ಕೆಡಾವರಿನ್ ಎಂಬ ಪ್ರಸಿದ್ಧ ರಾಸಾಯನಿಕ ಹಾಕಿದರು. ಅದು ಮಾಂಸ ಕೊಳೆತಾಗ ಹುಟ್ಟುವಂಥದು. ಹೆಸರಿಟ್ಟವರೂ ‘ಕೆಡಾವರ್’, ಅಂದರೆ ಹೆಣ, ಎಂಬ ಮಾತಿನಿಂದಲೇ ಹೆಸರಿಟ್ಟಿದ್ದಾರೆ. ಕತ್ತಲೆ ಕೋಣೆಯಲ್ಲಿ ನೀಲಿ ದೀಪ ಹಚ್ಚಿದಾಗ ಸಾಹೇಬರೂ ನಮ್ಮ ಹಿಂದೆ ನಿಂತಿದ್ದರು. ಮಧ್ಯಾಹ್ನದ ತುಣುಕಿನಲ್ಲಿ ಪುಟ್ರೆಸಿನ್ ಮಸುಕು ಮಸುಕು. ಬುಟ್ಟಿಯಡಿಯ ತುಣುಕಿನಲ್ಲಿ ಅದು ಹಬ್ಬದ ದೀಪದ ಹಾಗೆ ಹೊಳೆಯುತ್ತಿತ್ತು, ಪಕ್ಕದಲ್ಲಿ ನಮ್ಮ ‘ಜತ್ತ-ಒಂದು’. ಅದು ಕೆಡಾವರಿನ್ನಿನ ಎತ್ತರಕ್ಕೇ ಸರಿಯಾಗಿ ನಿಂತಿತ್ತು. ಎರಡೂ ಒಂದೇ ಪದಾರ್ಥ.

ಅಂದರೆ ಒಂದೇ ಕುರಿ, ಒಂದೇ ಹೆರಿಗೆ. ಮಧ್ಯಾಹ್ನ ತಳಿಗೆ ಅಯೋಗ್ಯ, ಬೆಳಗಾಗುವಷ್ಟರಲ್ಲಿ ತಾಲೂಕಿನ ಶ್ರೇಷ್ಠ ತಾಯಿ. ನಾವು ಎರಡು ವರ್ಷ ಅಳೆದದ್ದು ತಾಯ್ತನವನ್ನಲ್ಲ, ಕೊಳೆತವನ್ನು. ಹಳಸಿದ್ದಕ್ಕೆ ಹಸಿರು, ತಾಜಾ ಇದ್ದದ್ದಕ್ಕೆ ಕೆಂಪು.

ಸಾಹೇಬರು ದೀಪ ಆರಿಸಲು ಹೇಳಿದರು. ಕತ್ತಲಲ್ಲಿ ಅವರ ಧ್ವನಿ ಕೇಳಿಸಿತು: “ಇದು ಬಹಳ ಮುಖ್ಯವಾದ ಸಂಗತಿ. ಮಾದರಿ ಸಂಗ್ರಹದಲ್ಲಿ ಕಾಲದ ಪಾತ್ರ. ಇದರ ಮೇಲೆ ಯಾರೂ ಕೆಲಸ ಮಾಡಿಲ್ಲ.”

ಸಮಿತಿಯ ಮುಂದೆ ಅವರು ಅದನ್ನೇ ಮಂಡಿಸಿದರು. ಸಂಗ್ರಹದ ವೇಳೆಯ ಮಹತ್ವವನ್ನು ಕೇಂದ್ರವು ಹೊಸದಾಗಿ ಕಂಡುಕೊಂಡಿದೆ. ಸದಸ್ಯರು ಮೆಚ್ಚಿಕೊಂಡರು. ‘ಜತ್ತ-ಒಂದು’ ಬಗ್ಗೆ ಯಾರೂ ಕೇಳಲಿಲ್ಲ. ಅದು ಹೆಸರಿಡುವ ಮೊದಲೇ ತೀರಿಕೊಂಡ ಕೂಸು. ಅಂದಿನಿಂದ ಪದ್ಧತಿ ಬದಲಾಯಿತು. ಈಯುವ ಕುರಿಯ ಎದುರಿಗೆ ನಮ್ಮವರೇ ಹೋಗಿ ಕೂರಬೇಕು, ಹೊತ್ತನ್ನು ಕೈಯಿಂದ ಬರೆಯಬೇಕು, ಎಡೆ ಮುಗಿಯುವ ತನಕ ಅರ್ಧ ಮಾಸನ್ನು ಹಟ್ಟಿಯಲ್ಲೇ ಬಿಡಬೇಕು. ಈಗ ನೀವು ಪಾಲಿಸುತ್ತಿರುವ ಪದ್ಧತಿ ಅದೇ. ಕೈಪಿಡಿಯಲ್ಲಿ ಅದು ಸಾಹೇಬರ ಹೆಸರಿನಲ್ಲಿದೆ. ಪದ್ಧತಿ ಸರಿಯಿದೆ, ಪಾಲಿಸಿ.

ಹಸಿರು, ಕೆಂಪು ಎರಡೂ ವರ್ಗೀಕರಣ ರದ್ದಾದವು. ಬಿಲ್ಲೆ ತೆಗೆದು ವರದಿ ಸಲ್ಲಿಸಿ ಎಂದು ನನಗೆ ಆದೇಶ ಬಂತು. ಲಗಮವ್ವ ಏಳು ಕುರಿ, ಮರಿಗಳ ಸಮೇತ ಗಡಿ ದಾಟಿ ಬಂದಳು. ಹಟ್ಟಿಯಲ್ಲಿ ನಾನು ಇಕ್ಕಳದಿಂದ ಒಂದೊಂದೇ ಬಿಲ್ಲೆ ಕತ್ತರಿಸಿದೆ. ಕುರಿಗಳು ತಲೆ ಕೊಡವಿ ಓಡಿದವು. ಕಿವಿಯ ತೂತು ಉಳಿಯಿತು.

ಆ ಹಟ್ಟಿಯ ವರದಿಯ ನಮೂನೆಯಲ್ಲಿ ಮೂರು ಕಾಲಮ್ಮು. ಹಾಕಿದ ಬಿಲ್ಲೆಗಳು: ಎಂಟು. ತೆಗೆದ ಬಿಲ್ಲೆಗಳು: ಏಳು. ವ್ಯತ್ಯಾಸವಿದ್ದರೆ ಕಾರಣ. ನಾನು ಬರೆದೆ: ‘ಒಂದು ಕುರಿ ಕಟುಕನ ಪಾಲಾಗಿದೆ. ಕಾರಣ, ಕೇಂದ್ರವು ಕೊಟ್ಟ ತಪ್ಪು ಫಲಿತಾಂಶ.’

ಸಾಹೇಬರು ಓದಿದರು. “ಇದನ್ನು ತೆಗೆಯಿರಿ. ಮಾಲಕರು ಸ್ವಇಚ್ಛೆಯಿಂದ ಮಾರಿದ್ದಾರೆ ಎಂದು ಬರೆಯಿರಿ. ಅದೂ ನಿಜವೇ ತಾನೇ?”

“ನಾನು ಬರೆದದ್ದನ್ನು ನಾನು ತೆಗೆಯುವುದಿಲ್ಲ ಸರ್. ತಿದ್ದುವ ಅಧಿಕಾರ ನಿಮಗಿದೆ. ಆದರೆ ನಮ್ಮ ದಾಖಲೆಯಲ್ಲಿ ಅಳಿಸುವಂತಿಲ್ಲ, ಬಿಳಿ ಬಳಿಯುವಂತಿಲ್ಲ. ಒಂದೇ ಗೀಟು ಎಳೆಯಬೇಕು, ಕೆಳಗಿನದು ಓದಲು ಬರುತ್ತಿರಬೇಕು, ಮಗ್ಗುಲಿಗೆ ತಿದ್ದಿದವರ ಸಹಿ ಮತ್ತು ತಾರೀಖು ಬೇಕು.”

ಆ ನಿಯಮವನ್ನು ಕೇಂದ್ರದಲ್ಲಿ ಕಟ್ಟುನಿಟ್ಟಾಗಿ ಜಾರಿಗೆ ತಂದವರು ಅವರೇ. ಪೆನ್ನು ತೆಗೆದು ಒಂದು ಗೀಟು ಎಳೆದರು, ಮೇಲೆ ತಮ್ಮ ಸಾಲು ಬರೆದರು, ಸಹಿ ಮಾಡಿದರು, ತಾರೀಖು ಹಾಕಿದರು. ನೆಟ್ಟಗಿನ ಗೀಟು. ಶಿಸ್ತಿನ ಮನುಷ್ಯ.

ಮಾಲಕರ ಪ್ರತಿಯನ್ನು ಕೊಡಲು ಹಟ್ಟಿಗೆ ಹೋದೆ. ಬರಹ ಮರಾಠಿಯಲ್ಲಿತ್ತು. ಲಗಮವ್ವನಿಗೆ ಆ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಕನ್ನಡದಲ್ಲಿ ಓದಿ ಹೇಳಿದೆ. ‘ಮಾಲಕರು ಸ್ವಇಚ್ಛೆಯಿಂದ’ ಎಂಬಲ್ಲಿಗೆ ಬಂದಾಗ ಅವಳು ಗಂಡನ ಕಡೆ ನೋಡಿದಳು. ಮಾಳಪ್ಪ ಎದ್ದು ಮರಿಗಳನ್ನು ಕಟ್ಟಲು ಹೋದ. ಮರಿಗಳನ್ನು ಆಗಲೇ ಕಟ್ಟಿಯಾಗಿತ್ತು.

“ಇದನ್ನ ನೀವ ಬರದ್ರೇನ್ರಿ?”

“ಅಲ್ಲ. ಸಾಹೇಬ್ರು.”

“ಅದರ ಬುಡಕ ಗೀಟ ಹೊಡದದ್ದು?”

“ಅದು ನಾ ಬರದದ್ದು.”

“ಅದನ್ನೂ ಓದ್ರಿ.”

ಓದಿದೆ.

“ಮಗ್ಗಲಕ ಏನೋ ಗೀಚ್ಯಾರಲ್ಲ?”

“ಸಾಹೇಬ್ರ ಸಹಿ.”

“ಅಂದ್ರ ಇದನ್ನ ಅವರು ಓದ್ಯಾರ?”

“ಓದ್ಯಾರ. ಓದಿದ್ದಕ್ಕ ಗೀಟ ಹೊಡದಾರ.”

ಲಗಮವ್ವ ಕೈ ಒರೆಸಿಕೊಂಡು ಬಂದು ನನ್ನ ಎದುರಿಗೆ ನೆಲದ ಮೇಲೆ ಕೂತಳು.

“ಹಂಗಾರ ಆ ಗೀಟ ಹೊಡದದ್ದ ಇನ್ನೊಮ್ಮಿ ಓದ್ರಿ,” ಎಂದಳು. “ಲಗೂನ ಓದಬ್ಯಾಡ್ರಿ.”